ಹಲವು ದನಿಗಳ ಒಂದು ಆಲ್ಬಂ: ಕೇಳುಗರ ಅಭಿಪ್ರಾಯವನ್ನು ತೂಗುವುದು ಹೇಗೆ?



ಮೈಸೂರಿನ ಒಂದು ಕಾಲೇಜಿನ ಸಭಾಂಗಣದಲ್ಲಿ ನಮ್ಮ ಮಾತುಕತೆ ಕಾರ್ಯಕ್ರಮಕ್ಕಾಗಿ ಚಿತ್ರೀಕರಣ ನಡೆಸಿದ್ದೆವು. ವಿಷಯ ರ‍್ಯಾಪ್ ಸಂಗೀತ. ಬೇರೆ ಬೇರೆ ಕನ್ನಡ ರ‍್ಯಾಪ್ ಗಾಯಕರ ಐದು ಹಾಡುಗಳನ್ನು ಒಂದರ ಹಿಂದೊಂದು ಜೋಡಿಸಿ, ಒಂದು ಪುಟ್ಟ ಸಂಕಲನವನ್ನಾಗಿ ಮಾಡಿ ಕೇಳಿಸಿದೆವು. ಆಮೇಲೆ ಮೈಕ್ ಹಿಡಿದು ಒಬ್ಬೊಬ್ಬರ ಬಳಿಗೂ ಹೋದೆ. "ಸೂಪರ್ ಸಾರ್" ಎಂದರು ಹಲವರು. "ಬೋರು ಸಾರ್, ಎಲ್ಲಾ ಒಂದೇ ಥರ" ಎಂದರು ಕೆಲವರು. ಕೊಳ್ಳೇಗಾಲದ ಕಡೆಯ ಹುಡುಗನೊಬ್ಬ ಮಾತ್ರ, "ಸಾರ್, ಹಾಡು ಚೆನ್ನಾಗಿದೆ. ಆದರೆ ಒಂದು ಮಾತು. ನಮ್ಮ ತಾತ ಕಂಸಾಳೆ ಹಿಡಿದವರು..." ಎಂದು ಶುರು ಮಾಡಿದ. ಅವನ ಮಾತು ಮೂರು ನಿಮಿಷ ನಡೆಯಿತು. ನನಗೆ ಬೇಕಿದ್ದುದು ಇಪ್ಪತ್ತು ಸೆಕೆಂಡು. "ಹಾಡು ಇಷ್ಟವಾಯಿತೋ ಇಲ್ಲವೋ, ಅಷ್ಟು ಹೇಳಪ್ಪ" ಎಂದೆ. ಅವನು ಸುಮ್ಮನಾದ. ಸಂಕಲನದ ಕೊಠಡಿಯಲ್ಲಿ ಕುಳಿತಾಗ ಅವನ ಉಳಿದ ಮಾತನ್ನೂ ನಾನೇ ಕತ್ತರಿಸಿದೆ.

ಕಾರ್ಯಕ್ರಮ ಪ್ರಸಾರವಾದ ಮೇಲೆ ಮತ್ತೆ ನೋಡಿದೆ. ಪರದೆಯ ಮೇಲೆ ಅಷ್ಟೊಂದು ಮುಖಗಳು, ಅಷ್ಟೊಂದು ಅಭಿಪ್ರಾಯಗಳು. ಆದರೆ ಹಾಡಿನ ಬಗ್ಗೆ ನನಗೆ ಏನೂ ತಿಳಿಯಲಿಲ್ಲ. ತಿಳಿಸಬಹುದಾಗಿದ್ದ ಒಂದೇ ಮಾತು ನೆಲದ ಮೇಲೆ ಬಿದ್ದಿತ್ತು. ಈ ಲೇಖನ ಹುಟ್ಟಿದ್ದು ಆ ಕೊರಗಿನಿಂದ. ಹಲವರು ಸೇರಿ ಮಾಡಿದ ಒಂದು ರ‍್ಯಾಪ್ ಸಂಕಲನವನ್ನು ಕೇಳಿ ಅಭಿಪ್ರಾಯ ಹೇಳುವುದೆಂದರೆ ಏನು? ಒಬ್ಬನಿಗೆ ಹಿಡಿಸಿದ್ದು ಇನ್ನೊಬ್ಬನಿಗೆ ಯಾಕೆ ಹಿಡಿಸುವುದಿಲ್ಲ? ಅಂಥ ಅಭಿಪ್ರಾಯಗಳನ್ನು ಲೆಕ್ಕಕ್ಕೆ ತರಬಹುದೇ? ಲೆಕ್ಕಕ್ಕೆ ಸಿಕ್ಕದೆ ಉಳಿಯುವುದು ಯಾವುದು? ಒಂದೊಂದಾಗಿ ನೋಡೋಣ.

ಸಂಕಲನ ಆಲ್ಬಂ ಎಂದರೇನು?

ನಿಮ್ಮ ತಂದೆ ತಾಯಿಯರ ಕಾಲದ ಒಂದು ಧ್ವನಿಸುರುಳಿಯನ್ನು ನೆನೆಯಿರಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಅದು ಹೆಸರಾಗಿದೆ. ಅಲ್ಲಿ ಕವಿ ಒಬ್ಬರು, ಸಂಯೋಜಕರು ಒಬ್ಬರು. ಹೀಗಾಗಿ ಇಡೀ ಸುರುಳಿಗೆ ಒಂದೇ ಮನಸ್ಸು ಇರುತ್ತದೆ. ಒಂದು ಹಾಡು ಮೆಚ್ಚಿದವರು ಉಳಿದವನ್ನೂ ಮೆಚ್ಚುವ ಸಂಭವ ಹೆಚ್ಚು.

ರ‍್ಯಾಪ್ ಲೋಕದ ಸಂಕಲನದ ರೀತಿ ಬೇರೆ. ರ‍್ಯಾಪ್ ಗಾಯಕರ ಒಂದು ಗುಂಪಿನ ಹಾಡುಗಳನ್ನು ಮುದ್ರಿಸಿ ಹೊರತರುವ ಸಂಸ್ಥೆಗೆ ‘ಲೇಬಲ್’ ಎನ್ನುತ್ತಾರೆ. ಒಂದು ಲೇಬಲ್ ತನ್ನ ಗಾಯಕರನ್ನೂ ಹೊರಗಿನ ಅತಿಥಿಗಳನ್ನೂ ಕೂಡಿಸಿ ಒಂದೇ ಆಲ್ಬಂ ಮಾಡಿಸಿದರೆ ಅದು ಸಹಯೋಗದ ಸಂಕಲನ. ಅಮೆರಿಕದ ಗಾಯಕ ಜೆ. ಕೋಲ್ ಮತ್ತು ಇಬ್ರಾಹಿಂ ಹಮದ್ 2007ರಲ್ಲಿ ಕಟ್ಟಿದ ‘ಡ್ರೀಮ್‌ವಿಲ್’ ಎಂಬ ಲೇಬಲ್ ಇದಕ್ಕೆ ಒಳ್ಳೆಯ ಉದಾಹರಣೆ. 2019ರ ಜನವರಿಯಲ್ಲಿ ಈ ಸಂಸ್ಥೆ ಅಟ್ಲಾಂಟಾ ನಗರದ ಸ್ಟುಡಿಯೊ ಒಂದಕ್ಕೆ ನೂರಕ್ಕೂ ಹೆಚ್ಚು ಗಾಯಕರನ್ನೂ ಬೀಟ್ ಕಟ್ಟುವವರನ್ನೂ ಕರೆಯಿತು. ಹತ್ತು ದಿನ ಹಗಲು ರಾತ್ರಿ ಕೆಲಸ ನಡೆಯಿತು. ಒಂದು ಕೋಣೆಯಲ್ಲಿ ಬೀಟ್ ಹುಟ್ಟುತ್ತಿದ್ದರೆ ಇನ್ನೊಂದರಲ್ಲಿ ಮಾತು ಹುಟ್ಟುತ್ತಿತ್ತು. ಹಾಗೆ ಮೂಡಿದ ರಾಶಿಯಲ್ಲಿ 18 ಹಾಡುಗಳನ್ನು ಆರಿಸಿ ಅದೇ ಜುಲೈನಲ್ಲಿ ‘ರಿವೆಂಜ್ ಆಫ್ ದಿ ಡ್ರೀಮರ್ಸ್’ ಮಾಲೆಯ ಮೂರನೆಯ ಆಲ್ಬಂ ಆಗಿ ತಂದರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇ ಬಂದು ಕೂತಿತು.

ನಮ್ಮ ದೇಶದಲ್ಲೂ ಅದೇ 2019ರ ಜನವರಿಯಲ್ಲಿ ಇಂಥದೊಂದು ಕೂಟ ನಡೆಯಿತು. ಜೋಯಾ ಅಖ್ತರ್ ನಿರ್ದೇಶನದ ‘ಗಲ್ಲಿ ಬಾಯ್’ ಹಿಂದಿ ಚಿತ್ರದ ಹಾಡುಗಳು ಹೊರಬಂದವು. ಅದು ಲೇಬಲ್ಲಿನ ಸಂಕಲನವಲ್ಲ, ಸಿನಿಮಾದ ಹಾಡುಗಳ ಆಲ್ಬಂ. ಆದರೂ ಅಂಕುರ್ ತಿವಾರಿ ಅವರ ಮೇಲ್ವಿಚಾರಣೆಯಲ್ಲಿ ಮುಂಬಯಿಯ ಮತ್ತು ಹೊರಗಿನ ಅನೇಕ ಗಾಯಕರು, ಸಂಯೋಜಕರು ಅದರಲ್ಲಿ ಕಲೆತರು. ಅದರ ಒಂದು ಹಾಡು ‘ಇಂಡಿಯಾ 91’. ಅದಕ್ಕೆ ಸಂಗೀತ ಕೊಟ್ಟ ವಿವೇಕ್ ರಾಜಗೋಪಾಲನ್ ಮೃದಂಗ ವಿದ್ವಾಂಸರು. ಕರ್ನಾಟಕ ಸಂಗೀತದ ಕೊನ್ನಕ್ಕೋಲನ್ನು ರ‍್ಯಾಪ್ ಹುಡುಗರಿಗೆ ಕಲಿಸಿದವರು.

ಕನ್ನಡದಲ್ಲೂ ಇಂದು ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟ್-ಓ, ಎಂ.ಸಿ. ಬಿಜ್ಜು, ಗುಬ್ಬಿ, ಸಿರಿ ಮೊದಲಾದ ರ‍್ಯಾಪ್ ಗಾಯಕರಿದ್ದಾರೆ. ಬೆಂಗಳೂರಿನ ಪಾಶಾ ಭಾಯ್ ದಖನಿಯಲ್ಲಿ ಹಾಡುತ್ತಾರೆ. ಒಬ್ಬರ ಹಾಡಿನಲ್ಲಿ ಇನ್ನೊಬ್ಬರು ಒಂದು ಚರಣ ಹೇಳಿ ಹೋಗುವುದು ಇಲ್ಲಿಯೂ ರೂಢಿ. ಈ ಕಲೆ ನಮ್ಮ ಊರಿಗೆ ಹೊಸತೇನೂ ಅಲ್ಲ. 1994ರ ತಮಿಳು ಚಿತ್ರ ‘ಕಾದಲನ್’ನಲ್ಲಿ ಎ.ಆರ್. ರೆಹಮಾನ್ ಸಂಗೀತದ ‘ಪೇಟ್ಟೈ ರ‍್ಯಾಪ್’ ಹಾಡಿಗೆ ಕುಣಿದ ಪ್ರಭುದೇವ 1973ರಲ್ಲಿ ಹುಟ್ಟಿದ್ದು ಮೈಸೂರಿನಲ್ಲೇ.

ಕಿವಿ ಏನನ್ನು ಹಿಡಿಯಬೇಕು?

ರ‍್ಯಾಪ್ ಎಂದರೆ ರಾಗಕ್ಕಿಂತ ಲಯವನ್ನು ಮುಂದಿಟ್ಟುಕೊಂಡು ಮಾತನ್ನು ತಾಳಕ್ಕೆ ಕೂರಿಸುವ ಕಲೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಡಿ.ಜೆ. ಕೂಲ್ ಹರ್ಕ್ ನಡೆಸಿದ ಒಂದು ಕೂಟವನ್ನು ಇದರ ಹುಟ್ಟುಹಬ್ಬ ಎಂದು ಆಚರಿಸುತ್ತಾರೆ. ಹಾಡಿನ ನಡುವೆ ಬರೀ ತಾಳವಾದ್ಯ ಕೇಳಿಬರುವ ತುಣುಕನ್ನು ಎರಡು ಗ್ರಾಮೊಫೋನ್ ತಟ್ಟೆಗಳ ಸಹಾಯದಿಂದ ಮತ್ತೆ ಮತ್ತೆ ನುಡಿಸುವುದು ಹರ್ಕ್ ಅವರ ಉಪಾಯ. ಆ ಸುತ್ತುವ ತಾಳದ ಮೇಲೆ ಮಾತು ಬೆಳೆಯಿತು.

ಈಗ ಒಂದು ಸಣ್ಣ ಲೆಕ್ಕ. ಒಂದು ಹಾಡಿನ ವೇಗ ನಿಮಿಷಕ್ಕೆ 90 ಬೀಟ್ ಎಂದಿಟ್ಟುಕೊಳ್ಳಿ. 60 ಸೆಕೆಂಡನ್ನು 90ರಿಂದ ಭಾಗಿಸಿದರೆ ಒಂದು ಬೀಟಿಗೆ ಸುಮಾರು 0.67 ಸೆಕೆಂಡು. ಒಂದು ಬೀಟಿಗೆ ನಾಲ್ಕು ಅಕ್ಷರ ಹೇಳಿದರೆ ಸೆಕೆಂಡಿಗೆ ಆರು ಅಕ್ಷರ. ಮೃದಂಗದ ಪಾಠದಲ್ಲಿ ‘ತಕದಿಮಿ’ ಎಂದು ಹೇಳಿಕೊಡುವ ಚತುರಶ್ರ ನಡೆ ಇದೇ. ನಡುವೆ ಗಾಯಕ ‘ತಕಿಟ’ ಎಂಬ ತಿಶ್ರಕ್ಕೆ ಜಾರಿ, ಮತ್ತೆ ನಾಲ್ಕಕ್ಕೆ ಮರಳಿ, ಸಮಕ್ಕೆ ಸರಿಯಾಗಿ ಬಂದು ನಿಂತನೋ? ಅದು ಅವನ ಪಳಗಿದ ಕೈ. ತಾಳ ತಪ್ಪದಿರಲೆಂದು ಪ್ರತಿ ಸಾಲನ್ನೂ ಒಂದೇ ಅಳತೆಗೆ ಕತ್ತರಿಸಿಕೊಂಡನೋ? ಆಗ ‘ಎಲ್ಲಾ ಒಂದೇ ಥರ’ ಎಂಬ ದೂರಿನಲ್ಲಿ ಹುರುಳಿದೆ.

ಎರಡನೆಯದು ಪ್ರಾಸ. ಕನ್ನಡದ ಹಳೆಯ ಛಂದಸ್ಸಿನಲ್ಲಿ ಪ್ರಾಸ ಬರುವುದು ಸಾಲಿನ ಎರಡನೆಯ ಅಕ್ಷರದಲ್ಲಿ. ಷಟ್ಪದಿ ಓದಿದ ನಿಮಗೆ ಇದು ಗೊತ್ತು. ರ‍್ಯಾಪ್‌ನಲ್ಲಿ ಅಂತ್ಯಪ್ರಾಸ ಮುಖ್ಯ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಬಂದೆ, ನಿಂತೆ, ಕಂಡೆ, ಅಂದೆ ಎಂದು ಅಂತ್ಯಪ್ರಾಸ ತಾನಾಗಿ ಬಂದು ಬೀಳುತ್ತದೆ. ಸುಲಭವಾಗಿ ಸಿಕ್ಕಿದ್ದಕ್ಕೆ ಬೆಲೆ ಕಡಿಮೆ. ಇಂಗ್ಲಿಷ್ ಗಾಯಕನಿಗೆ ಪ್ರಾಸ ಹುಡುಕುವುದು ಕಷ್ಟ, ಕನ್ನಡದ ಗಾಯಕನಿಗೆ ಅಗ್ಗದ ಪ್ರಾಸವನ್ನು ಬಿಡುವುದು ಕಷ್ಟ. ಕ್ರಿಯಾಪದವನ್ನು ಸಾಲಿನ ನಡುವೆ ತಂದು, ನಾಮಪದಕ್ಕೆ ನಾಮಪದವನ್ನು ಪ್ರಾಸ ಕೂಡಿಸುವ ಗಾಯಕ ಸಿಕ್ಕಿದರೆ ಅಲ್ಲಿ ನಿಂತು ಇನ್ನೊಮ್ಮೆ ಕೇಳಿ.

ಮೂರನೆಯದು ಕೂಟಕ್ಕೆ ಸಂಬಂಧಿಸಿದ್ದು. ಹಲವರ ಹಾಡಿನಲ್ಲಿ ಒಬ್ಬರ ಚರಣಕ್ಕೂ ಮುಂದಿನವರ ಚರಣಕ್ಕೂ ನಂಟಿದೆಯೇ? ಮೊದಲನೆಯವನು ಬಸ್ಸಿಗೆ ಕಾಯುವ ಹುಡುಗನ ಪಾಡು ಹೇಳಿ, ಎರಡನೆಯವನು ಅದಕ್ಕೆ ಕಿವಿಗೊಡದೆ ತನ್ನ ಕಾರಿನ ಬಣ್ಣ ಹೇಳಿದರೆ ಅದು ಸಂತೆ, ಕೂಟವಲ್ಲ. ಯಕ್ಷಗಾನದ ತಾಳಮದ್ದಲೆಯಲ್ಲಿ ಅರ್ಥಧಾರಿ ಎದುರಾಳಿಯ ಮಾತನ್ನೇ ಹಿಡಿದು ಉತ್ತರ ಕಟ್ಟುತ್ತಾನಲ್ಲವೇ? ಒಳ್ಳೆಯ ಸಂಕಲನದಲ್ಲಿ ಆ ಗುಣ ಇರುತ್ತದೆ.

ಒಂದೇ ಹಾಡು, ಎರಡು ಕಿವಿ

ಇಷ್ಟೆಲ್ಲ ಗಮನಿಸಿದ ಮೇಲೂ ಇಬ್ಬರು ಕೇಳುಗರು ಜಗಳವಾಡಬಹುದು. ಅದಕ್ಕೆ ಕೆಲವು ಭೌತಿಕ ಕಾರಣಗಳಿವೆ.

ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಶಬ್ದ ಕೇಳಬಲ್ಲದು. ರ‍್ಯಾಪ್ ಹಾಡಿನ ಎದೆ ಗುದ್ದುವ ಡೋಲಿನ ಶಬ್ದ ಬಹುಪಾಲು ಇರುವುದು 50ರಿಂದ 100 ಹರ್ಟ್ಸ್ ಆಸುಪಾಸಿನಲ್ಲಿ. ಮೊಬೈಲ್ ಫೋನಿನ ಸ್ಪೀಕರ್ ಉಗುರಿನಷ್ಟು. ಅಷ್ಟು ಚಿಕ್ಕ ಪರದೆಗೆ ಆ ಕೆಳಗಿನ ಶಬ್ದಕ್ಕೆ ಬೇಕಾದಷ್ಟು ಗಾಳಿಯನ್ನು ತಳ್ಳುವ ಶಕ್ತಿ ಇಲ್ಲ. ಅಂದಮೇಲೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದವನೂ, ನಗರ ಸಾರಿಗೆ ಬಸ್ಸಿನಲ್ಲಿ ಗೆಳೆಯನ ಫೋನಿನಿಂದ ಕೇಳಿದವನೂ ಕೇಳಿದ್ದು ಒಂದೇ ಹಾಡನ್ನಲ್ಲ. ಎರಡನೆಯವನು ‘ಜೀವವೇ ಇಲ್ಲ’ ಎಂದರೆ ಅವನ ಮಟ್ಟಿಗೆ ಅದು ನಿಜ.

ಇನ್ನೊಂದು ಶಬ್ದದ ಗಟ್ಟಿತನ. ಒಂದೇ ಹಾಡನ್ನು ಎರಡು ಸಲ, ಎರಡನೆಯ ಸಲ ತುಸುವೇ ಗಟ್ಟಿಯಾಗಿ ಕೇಳಿಸಿದರೆ ಹೆಚ್ಚಿನವರು ಎರಡನೆಯದೇ ಚೆನ್ನಾಗಿದೆ ಎನ್ನುತ್ತಾರೆ. ವ್ಯತ್ಯಾಸ ಗಟ್ಟಿತನದ್ದು ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಬೇರೆ ಬೇರೆ ಸ್ಟುಡಿಯೊಗಳಲ್ಲಿ ತಯಾರಾದ ಹಾಡುಗಳನ್ನು ಒಂದೆಡೆ ಸೇರಿಸುವಾಗ ಗಟ್ಟಿತನವನ್ನು ಸಮ ಮಾಡುವುದು ಅದಕ್ಕಾಗಿಯೇ.

ಮೂರನೆಯದು ಪರಿಚಯ. ಯಾವುದೇ ವಸ್ತು ಮತ್ತೆ ಮತ್ತೆ ಕಂಡರೆ, ಕೇಳಿದರೆ, ಅದರ ಮೇಲೆ ಒಲವು ಬೆಳೆಯುತ್ತದೆ ಎಂಬುದನ್ನು ಮನೋವಿಜ್ಞಾನಿ ರಾಬರ್ಟ್ ಜಯಾಂಕ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಸಂಕಲನದಲ್ಲಿ ಹೆಸರಾದ ಗಾಯಕನ ಹಾಡಿಗೆ ಮೊದಲೇ ಈ ಬಡ್ಡಿ ಸಿಕ್ಕಿರುತ್ತದೆ. ಹೊಸಬನ ಹಾಡು ಸೊನ್ನೆಯಿಂದ ಶುರುವಾಗಬೇಕು. ಆದ್ದರಿಂದ ಹೊಸ ದನಿಗೆ ಮೂರು ಸಲ ಅವಕಾಶ ಕೊಡದೆ ತೀರ್ಪು ಹೇಳಬೇಡಿ.

ಮೈಸೂರಿನ ಮೇಷ್ಟರು ಮತ್ತು ಅಭಿಪ್ರಾಯದ ಲೆಕ್ಕ

ಕೇಳುಗರ ಅಭಿಪ್ರಾಯಕ್ಕೂ ಮೈಸೂರಿಗೂ ಹಳೆಯ ನಂಟಿದೆ. ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಿಂದ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಮುಂದೆ ಅದು ಇಡೀ ದೇಶದ ಬಾನುಲಿಯ ಹೆಸರಾಯಿತು. ಮನಸ್ಸನ್ನು ಅಭ್ಯಾಸ ಮಾಡುವ ಮೇಷ್ಟರೊಬ್ಬರು ಕೇಳುಗರ ಮನೆಬಾಗಿಲಿಗೆ ದನಿಯನ್ನು ಕಳಿಸಿದ್ದು ನನಗೆ ಯಾವಾಗಲೂ ಸೋಜಿಗ.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಧ್ಯಯನ ಮಾಡಿ ಬಂದವರು. ಈ ಸ್ಪಿಯರ್‌ಮನ್ ಹೆಸರು ಸಂಖ್ಯಾಶಾಸ್ತ್ರ ಓದುವವರಿಗೆ ಪರಿಚಿತ. ಇಬ್ಬರು ಒಂದೇ ವಸ್ತುಗಳಿಗೆ ಕೊಟ್ಟ ಸ್ಥಾನಗಳು ಎಷ್ಟರ ಮಟ್ಟಿಗೆ ಹೊಂದುತ್ತವೆ ಎಂದು ಅಳೆಯುವ ವಿಧಾನವನ್ನು ಅವರು 1904ರಲ್ಲಿ ಮುಂದಿಟ್ಟರು. ನಮ್ಮ ಐದು ಹಾಡುಗಳ ಸಂಕಲನಕ್ಕೆ ಇದನ್ನು ಹಚ್ಚಿ ನೋಡೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ನಾನು ಇಟ್ಟುಕೊಂಡವು.

ಮೊದಲ ಕೇಳುಗ ಐದು ಹಾಡುಗಳಿಗೆ ಕ್ರಮವಾಗಿ 1, 2, 3, 4, 5 ಎಂದು ಸ್ಥಾನ ಕೊಟ್ಟ. ಎರಡನೆಯವಳು 2, 1, 4, 3, 5 ಎಂದಳು. ಪ್ರತಿ ಹಾಡಿಗೂ ಇಬ್ಬರ ಸ್ಥಾನಗಳ ವ್ಯತ್ಯಾಸ ತೆಗೆದು ವರ್ಗ ಮಾಡಿ ಕೂಡಿ. ಒಂದು, ಒಂದು, ಒಂದು, ಒಂದು, ಸೊನ್ನೆ, ಒಟ್ಟು 4. ಅದನ್ನು 6ರಿಂದ ಗುಣಿಸಿದರೆ 24. ಹಾಡುಗಳ ಸಂಖ್ಯೆ 5. ಐದರ ವರ್ಗ 25, ಅದರಲ್ಲಿ ಒಂದು ಕಳೆದರೆ 24, ಅದನ್ನು 5ರಿಂದ ಗುಣಿಸಿದರೆ 120. ಈಗ 24ನ್ನು 120ರಿಂದ ಭಾಗಿಸಿ, ಬಂದ 0.2ನ್ನು ಒಂದರಿಂದ ಕಳೆಯಿರಿ. ಉತ್ತರ 0.8. ಪೂರ್ಣ ಒಮ್ಮತಕ್ಕೆ 1, ಪೂರ್ಣ ವಿರೋಧಕ್ಕೆ ಋಣ 1. ಅಂದರೆ ಈ ಇಬ್ಬರ ರುಚಿ ಬಹಳ ಹತ್ತಿರ.

ಮೂರನೆಯವನು ತದ್ವಿರುದ್ಧವಾಗಿ 5, 4, 3, 2, 1 ಎಂದ. ಮೊದಲನೆಯವನೊಂದಿಗೆ ಹೋಲಿಸಿದರೆ ವರ್ಗಗಳ ಮೊತ್ತ 40, ಉತ್ತರ ಋಣ 1. ಈಗ ಮೊದಲನೆಯವನ ಮತ್ತು ಮೂರನೆಯವನ ಸ್ಥಾನಗಳ ಸರಾಸರಿ ತೆಗೆಯಿರಿ. ಐದೂ ಹಾಡುಗಳಿಗೆ ಸರಿಯಾಗಿ 3! ಸರಾಸರಿಯನ್ನಷ್ಟೇ ನೋಡಿದವನು ‘ಈ ಆಲ್ಬಮ್ಮಿನ ಎಲ್ಲ ಹಾಡುಗಳೂ ಸಾಧಾರಣ’ ಎಂದುಬಿಡುತ್ತಾನೆ. ನಿಜಸಂಗತಿ ಎಂದರೆ ಇಬ್ಬರಿಗೂ ಒಂದೊಂದು ಹಾಡು ಪ್ರಾಣ, ಒಂದೊಂದು ಹಾಡು ಬೇಡವೇ ಬೇಡ. ಸರಾಸರಿ ಆ ಜಗಳವನ್ನು ಚಾಪೆಯ ಕೆಳಗೆ ಗುಡಿಸಿತು.

ಹಲವು ದನಿಗಳ ಸಂಕಲನಕ್ಕೆ ಈ ಅಪಾಯ ಹೆಚ್ಚು. ಏಕೆಂದರೆ ಹಲವು ಬಗೆಯ ಕೇಳುಗರನ್ನು ಕರೆಯುವುದೇ ಅದರ ಉದ್ದೇಶ. ದಖನಿಯ ಹಾಡು ಒಬ್ಬರಿಗೆ, ಹಳ್ಳಿ ಮಾತಿನ ಹಾಡು ಇನ್ನೊಬ್ಬರಿಗೆ. ಇಂಥ ಆಲ್ಬಮ್ಮಿಗೆ ಐದರಲ್ಲಿ ಮೂರು ನಕ್ಷತ್ರ ಬಿದ್ದಿದೆ ಎಂದರೆ ಏನೂ ತಿಳಿದಂತಾಗಲಿಲ್ಲ. ಇನ್ನೊಂದು ಮಾತು. ಅಭಿಪ್ರಾಯ ಬರೆದು ಕಳಿಸುವವರು ಬಹಳ ಮೆಚ್ಚಿದವರು ಅಥವಾ ಬಹಳ ಸಿಟ್ಟಾದವರು. ‘ಪರವಾಗಿಲ್ಲ’ ಎಂದುಕೊಂಡವರು ಎದ್ದು ಕಾಫಿ ಕುಡಿಯಲು ಹೋಗುತ್ತಾರೆ. ದೂರದರ್ಶನಕ್ಕೆ ಬರುವ ಪತ್ರಗಳಲ್ಲೂ ನಾನು ಕಂಡ ಸತ್ಯ ಇದು.

ಲೆಕ್ಕಕ್ಕೆ ಸಿಕ್ಕದ ಮಾತು

ಇನ್ನು ಆ ಕೊಳ್ಳೇಗಾಲದ ಹುಡುಗನ ಮಾತಿಗೆ ಬರೋಣ. ಅವನು ಹೇಳಹೊರಟಿದ್ದು ‘ಕೋಲುಮಂಡೆ’ ಹಾಡಿನ ವಿಷಯ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಚಾಮರಾಜನಗರ, ಮೈಸೂರು ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದರಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಮುಂದಾಳು ಕಥೆ ನಡೆಸಿದರೆ ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಇದೂ ಹಲವು ದನಿಗಳ ಕೂಟವೇ. ಮೈಸೂರಿನ ಜಾನಪದ ವಿದ್ವಾಂಸ ಡಾ. ಪಿ.ಕೆ. ರಾಜಶೇಖರ ಈ ಮಹಾಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಪುಸ್ತಕ ರೂಪದಲ್ಲಿ ತಂದರು. ಕಾವ್ಯದ ಭಾಗಗಳಿಗೆ ‘ಸಾಲು’ ಎಂದು ಹೆಸರು. ಅದರಲ್ಲೊಂದು ಸಂಕಮ್ಮನ ಸಾಲು. ಜೇನಿಗೆಂದು ಕಾಡಿಗೆ ಹೊರಟ ಗಂಡ ತನ್ನ ಮೇಲೆ ಸಂಶಯಪಟ್ಟು ಭಾಷೆ ಕೇಳಿದಾಗ ಕೊಡಲೊಪ್ಪದೆ ಹಿಂಸೆ ಉಂಡ ಹೆಣ್ಣುಮಗಳು ಸಂಕಮ್ಮ. ಮಾದಪ್ಪ ಜಂಗಮನಾಗಿ ಅವಳ ಬಳಿಗೆ ಬರುತ್ತಾನೆ.

1996ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಜನುಮದ ಜೋಡಿ’ ಚಿತ್ರಕ್ಕೆ ವಿ. ಮನೋಹರ್ ಸಂಗೀತದಲ್ಲಿ ‘ಕೋಲುಮಂಡೆ’ಯನ್ನು ಎಲ್.ಎನ್. ಶಾಸ್ತ್ರಿ ಹಾಡಿದರು. ರಾಜ್ಯವೆಲ್ಲ ಗುನುಗಿತು. ಅವರಿಗೆ ರಾಜ್ಯ ಪ್ರಶಸ್ತಿಯೂ ಬಂತು. 2020ರ ಆಗಸ್ಟ್‌ನಲ್ಲಿ ಗಾಯಕ ಚಂದನ್ ಶೆಟ್ಟಿ ಅದೇ ಜಾನಪದ ಗೀತೆಯನ್ನು ಇಂದಿನ ಬೀಟಿಗೆ ಕೂಡಿಸಿ ದೃಶ್ಯಗೀತೆಯಾಗಿ ತಂದರು. ಆನಂದ್ ಆಡಿಯೊ ಅದನ್ನು ಹೊರತಂದಿತು. ಬಹಳ ಜನ ನೋಡಿದರು, ಮೆಚ್ಚಿದವರೂ ಇದ್ದರು. ಆದರೆ ಮಾದಪ್ಪನ ಒಕ್ಕಲಿನ ಅನೇಕರು, ಶರಣೆ ಸಂಕಮ್ಮನನ್ನು ಅದರಲ್ಲಿ ತೋರಿಸಿದ ರೀತಿ ಸರಿಯಲ್ಲ ಎಂದು ಆಕ್ಷೇಪಿಸಿದರು. ಕೆಲವೇ ದಿನಗಳಲ್ಲಿ ಗಾಯಕರು ಕ್ಷಮೆ ಕೋರಿದರು. ಹಾಡನ್ನು ಯೂಟ್ಯೂಬ್‌ನಿಂದ ತೆಗೆಯಲಾಯಿತು.

ಈ ಪ್ರಸಂಗದಲ್ಲಿ ಮೂರು ಪಾಠಗಳಿವೆ. ಒಂದು, ಜಾನಪದವನ್ನು ಹೊಸ ವಾದ್ಯಕ್ಕೆ ಹಾಕಿದ್ದೇ ತಪ್ಪು ಎಂದು ತಿಳಿಯಬಾರದು. 1996ರ ಹಾಡಿನಲ್ಲೂ ಸಿನಿಮಾ ವಾದ್ಯಗಳಿದ್ದವು, ಜನ ಅದನ್ನು ತಮ್ಮದೆಂದು ಒಪ್ಪಿದರು. 2020ರ ಆಕ್ಷೇಪದ ತಿರುಳು ಬೀಟಿನಲ್ಲಿರಲಿಲ್ಲ. ಸಂಶಯದ ಗಂಡನೆದುರು ತಲೆಬಾಗದೆ ನಿಂತವಳನ್ನು ಕಣ್ಣಿಗೆ ಹೇಗೆ ಕಾಣಿಸಬೇಕು ಎಂಬುದರಲ್ಲಿತ್ತು. ಎರಡು, ಎಷ್ಟು ಜನ ನೋಡಿದರು, ಎಷ್ಟು ಜನ ಮೆಚ್ಚಿದರು ಎಂಬ ಯಾವ ಅಂಕಿಯೂ ಇದನ್ನು ಹೇಳಲಾರದು. ಕಥೆ ಬಲ್ಲ ಒಬ್ಬ ಕೇಳುಗ ಕಾರಣ ಕೊಟ್ಟು ಹೇಳಿದ ಮಾತು ಸಾವಿರ ‘ಸೂಪರ್’ಗಳಿಗಿಂತ ತೂಕದ್ದು. ಮೂರು, ಹಾಡನ್ನು ತೆಗೆದುಹಾಕುವುದೊಂದೇ ದಾರಿಯೇ ಎಂದು ಕೇಳುವ ಹಕ್ಕೂ ನಮಗಿದೆ. ದೇವರಗುಡ್ಡರೊಬ್ಬರನ್ನು ಕೂರಿಸಿಕೊಂಡು, ಅವರ ದನಿಯನ್ನೂ ಹೆಸರನ್ನೂ ಸೇರಿಸಿ ಅದೇ ಹಾಡನ್ನು ಮತ್ತೆ ಮಾಡಬಹುದಾದ ದಾರಿಯೂ ಇದೆ. ನನ್ನ ಮಟ್ಟಿಗೆ ಅದೇ ಮೇಲು. ನೀವು ಒಪ್ಪಬೇಕೆಂದಿಲ್ಲ, ಒಪ್ಪದಿದ್ದರೆ ಕಾರಣ ಹೇಳಿ.

‘ಇದು ಯಾರ ಹಾಡು?’ ಎಂಬ ಪ್ರಶ್ನೆ ನಮ್ಮ ಸೀಮೆಯದು ಮಾತ್ರವಲ್ಲ. 1979ರಲ್ಲಿ ಬಂದ ‘ರ‍್ಯಾಪರ್ಸ್ ಡಿಲೈಟ್’ ರ‍್ಯಾಪನ್ನು ಲೋಕದ ಕಿವಿಗೆ ಮುಟ್ಟಿಸಿದ ಹಾಡು. ಅದರ ಅಡಿಪಾಯ ‘ಷೀಕ್’ ತಂಡದ ‘ಗುಡ್ ಟೈಮ್ಸ್’ ಹಾಡಿನದು. ಆಕ್ಷೇಪ ಬಂದ ಮೇಲೆಯೇ ಆ ತಂಡದ ನೈಲ್ ರಾಡ್ಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಅವರ ಹೆಸರು ಸೇರಿದ್ದು. ಅದೇ ಹಾಡಿನ ಒಂದು ಪಾಲು ಮಾತು ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಗಾಯಕರದು, ಅವರ ಹೆಸರು ತಟ್ಟೆಯ ಮೇಲೆ ಇರಲಿಲ್ಲ. ಹೀಗೆ ಹಲವರ ಕೂಟದಲ್ಲಿ ಹುಟ್ಟಿದ ಕಲೆಯಲ್ಲಿ ಹೆಸರು ಬಿಟ್ಟುಹೋಗುವ ಅಪಾಯ ಮೊದಲಿನಿಂದಲೂ ಇದೆ. ಅದನ್ನು ಕಾಯಬೇಕಾದವರು ಗಾಯಕರು ಮಾತ್ರವಲ್ಲ, ಕೇಳುಗರೂ ಹೌದು.

ನೀವೇ ಮಾಡಿ ನೋಡಿ

ನಾಲ್ಕೈದು ಗೆಳೆಯರು ಸೇರಿ. ಬೇರೆ ಬೇರೆ ಗಾಯಕರ ಐದು ಕನ್ನಡ ರ‍್ಯಾಪ್ ಹಾಡುಗಳನ್ನು ಆರಿಸಿ. ಗಾಯಕರ ಹೆಸರು ಹೇಳದೆ, ಎಲ್ಲರೂ ಒಂದೇ ಸ್ಪೀಕರಿನಲ್ಲಿ, ಒಂದೇ ಗಟ್ಟಿತನದಲ್ಲಿ ಕೇಳಿ. ಮಾತನಾಡಿಕೊಳ್ಳದೆ ಸ್ಥಾನಗಳನ್ನು ಬರೆಯಿರಿ. ಮರುದಿನ ಹಾಡುಗಳ ಕ್ರಮ ಬದಲಿಸಿ ಇನ್ನೊಮ್ಮೆ ಕೇಳಿ, ಮತ್ತೆ ಬರೆಯಿರಿ. ನಿಮ್ಮ ಮೊದಲ ದಿನದ ಪಟ್ಟಿಗೂ ಎರಡನೆಯ ದಿನದ ಪಟ್ಟಿಗೂ ಸ್ಪಿಯರ್‌ಮನ್ ಲೆಕ್ಕ ಹಾಕಿ. ನಿಮ್ಮೊಂದಿಗೇ ನಿಮಗೆ ಎಷ್ಟು ಒಮ್ಮತವಿದೆ ಎಂದು ನೋಡಿದರೆ ಇನ್ನೊಬ್ಬರೊಡನೆ ಜಗಳವಾಡುವ ಹುರುಪು ಅರ್ಧ ಇಳಿಯುತ್ತದೆ!

ಆಮೇಲೆ ಪ್ರತಿ ಹಾಡಿಗೂ ಮೂರು ವಾಕ್ಯ ಬರೆಯಿರಿ. ಕಿವಿಗೆ ಏನು ಕೇಳಿತು? ಮಾತು ಏನು ಹೇಳಿತು? ಈ ಹಾಡಿನ ಬೇರು ಯಾರದು, ಅವರ ಹೆಸರು ಇದೆಯೇ? ಮೂರಕ್ಕೂ ಉತ್ತರ ಬರೆದ ಮೇಲೆ ಬೇಕಿದ್ದರೆ ‘ಸೂಪರ್’ ಎನ್ನಿ, ಬೇಕಿದ್ದರೆ ‘ಬೋರು’ ಎನ್ನಿ. ಆಗ ಅದು ಅಭಿಪ್ರಾಯ. ಅಲ್ಲಿಯವರೆಗೆ ಅದು ಬರೀ ಉದ್ಗಾರ.

ನಿಮ್ಮ ಬರಹಗಳನ್ನು ಅಂಚೆಯ ಕಾರ್ಡಿನಲ್ಲಿಯೇ ಆಗಲಿ, ಮೊಬೈಲಿನಲ್ಲಿಯೇ ಆಗಲಿ ನಮಗೆ ಕಳಿಸಿಕೊಡಿ. ಆ ಕೊಳ್ಳೇಗಾಲದ ಹುಡುಗನಿಗೆ ಹೇಳಿ ಕಳುಹಿಸಿದ್ದೇನೆ. ಮುಂದಿನ ಚಿತ್ರೀಕರಣಕ್ಕೆ ತಾತನನ್ನೂ ಕರೆತರುತ್ತೇನೆ ಎಂದಿದ್ದಾನೆ. ಈ ಸಲ ಕತ್ತರಿ ನನ್ನ ಕೈಯಲ್ಲಿ ಇರುವುದಿಲ್ಲ.